ನಿಂತ ಚಕ್ರದ ಸದ್ದು

ಇದು ನಾನೇ ಕಿವಿಯಿಟ್ಟು ಕೇಳಿದ್ದು. ಮೊಮ್ಮಗಳು ವಿದ್ಯಾಶ್ರೀ ಎರಡು ತಿಂಗಳ ಕೂಸನ್ನೆತ್ತಿಕೊಂಡು ಮರುದಿನ ನಮ್ಮ ಹಳೇ ಫೋರ್‌ವೀಲ್ ಡ್ರೈವ್ ಜೀಪಿನಲ್ಲಿ ಘಾಟಿ ಇಳಿಯುವವಳಿದ್ದಳು. ಓಡುವಾಗ ಜೀಪಿನ ಮುಂಭಾಗದಲ್ಲಿ ಏನೋ ಸದ್ದು. ಶಿವಮೊಗ್ಗದಲ್ಲಿ ತೋರಿಸಿದರೆ ಟಯರಿನದೆಂದು ಕಳಿಸಿಬಿಟ್ಟರು. ನನಗೆ ಸಮಾಧಾನವಾಗಲಿಲ್ಲ. ಮಗ ರೂಪೇಶನನ್ನು ಹೊರಡಿಸಿಕೊಂಡು ಭದ್ರಾವತಿಯ ಮೆಕ್ಯಾನಿಕ್ ಕೊಟ್ರಬಸಪ್ಪನ ಶೆಡ್ಡಿಗೆ ಹೋದೆ.

ಆತ ಮೊದಲು ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಆಮೇಲೆ ಮುಂದಿನ ಚಕ್ರಗಳನ್ನು ಜಾಕಿಯಿಂದ ಎತ್ತಿ, ಅವುಗಳ ನಡುವಿನ ಡಿಫರೆನ್ಷಿಯಲ್ ಎಂಬ ಗಿಯರ್ ಪೆಟ್ಟಿಗೆಗೆ ಉದ್ದನೆಯ ಸ್ಕ್ರೂಡ್ರೈವರ್ ಒತ್ತಿ, ಅದರ ಹಿಡಿಯನ್ನು ಕಿವಿಗಿಟ್ಟ. ರೂಪೇಶ ಚಕ್ರ ತಿರುಗಿಸಿದ.

“ಗರಗರ ಅಂತಿದೆ. ಸಾಕು, ನಿಲ್ಸು.”

“ನಿಲ್ಸಿ ಆಯ್ತಲ್ಲ!”

ಕೊಟ್ರಬಸಪ್ಪ ಚಕ್ರ ನೋಡಿದ. ಹಿಡಿಯನ್ನು ಶುಭ್ರ ಬಟ್ಟೆಯಲ್ಲಿ ಒರೆಸಿ ನನಗೆ ಕೊಟ್ಟ. “ಅಮ್ಮಾ, ನೀವೊಂದ್ಸಲ ಕೇಳಿ. ನನ್ನ ಕಿವಿಗೆ ವಯಸ್ಸಾಯ್ತೇನೋ.”

ಬಗ್ಗಿ ಕೇಳಿದೆ. ಒಳಗೆ ಯಾರೋ ನಿಧಾನವಾಗಿ ಕಲ್ಲು ಅಗಿಯುತ್ತಿದ್ದಂತಿತ್ತು. ಚಕ್ರ ಅಲುಗುತ್ತಿರಲಿಲ್ಲ. ಅಷ್ಟು ದೂರ ಓಡಿ ಬಂದ ಗಾಡಿ, ಬಿಸಿಯಾಗಿರಬೇಕಿತ್ತು. ಮುಟ್ಟಿದರೆ ಆ ಕಬ್ಬಿಣ ಬಾವಿ ನೀರಿನಷ್ಟು ತಣ್ಣಗಿತ್ತು.

“ಬಿಚ್ಚಿಬಿಡಪ್ಪ,” ಅಂದೆ.

ಬಿಚ್ಚಿದಾಗ ಒಳಗಿನ ದೊಡ್ಡ ಗಿಯರಿನ ಎರಡು ಹಲ್ಲು ಮುರಿದಿದ್ದವು. ಒಂದು ಚೂರು ಅಡ್ಡ ಸಿಕ್ಕಿಕೊಳ್ಳುವುದರಲ್ಲಿತ್ತು.

“ಟಯರ್ ಸೌಂಡ್ ಅಂದ ಪುಣ್ಯಾತ್ಮ ಯಾರು ಮಾರಾಯ? ಘಾಟಿಲಿ ಚಕ್ರ ಕಚ್ಕೊಂಡಿದ್ರೆ?” ಅಂದ ಕೊಟ್ರಬಸಪ್ಪ.

ರೂಪೇಶ ನನ್ನ ಕೈ ಹಿಡಿದುಕೊಂಡ. ಬೇರೆ ಗಿಯರ್ ಹಾಕಿಸಿದೆವು. ಮರುದಿನ ಕೂಸು ದಾರಿಯುದ್ದಕ್ಕೂ ನಿದ್ದೆ ಮಾಡಿತಂತೆ. ತಲುಪಿದೆವೆಂದು ವಿದ್ಯಾಶ್ರೀಯ ಫೋನ್ ಬಂದ ಮೇಲೆಯೇ ನಾನು ಊಟಕ್ಕೆ ಕೂತದ್ದು.

ಮುರಿದ ಗಿಯರನ್ನು ಹೊರತೆಗೆದ ಕ್ಷಣವೇ ಆ ಸದ್ದು ನಿಂತಿತ್ತು. ಚಕ್ರ ನಿಂತು ಮಾತ್ರ ಆಗಲೇ ಎರಡು ಗಂಟೆಯಾಗಿತ್ತು.