ದಿಂಬಿನ ಎಡಬದಿ

ಪಾರ್ಲರಿನಲ್ಲಿ ಕೃತಕ ರೆಪ್ಪೆಗೂದಲು ಅಂಟಿಸುವುದು ನನ್ನ ಕೆಲಸವಾಗಿತ್ತು. ಅಂಟಿಸುವ ಹಿಂದಿನ ದಿನವೇ ಕಿವಿಯ ಹಿಂದೆ ಒಂದು ಹನಿ ಅಂಟು ಹಚ್ಚಿ, ಮೈಗೆ ಒಗ್ಗುತ್ತದೆಯೇ ಎಂದು ನೋಡಬೇಕು. ಒಮ್ಮೆ ಬಂದ ಒಬ್ಬ ಮದುಮಗಳಿಗೆ ಅದಕ್ಕೆ ಪುರುಸೊತ್ತಿರಲಿಲ್ಲ, ನಾನೂ ಹೋಗಲಿ ಅಂತ ಬಿಟ್ಟೆ.

“ಎಡಗಣ್ಣು ಉರೀತಿದೆ ಅಕ್ಕಾ,” ಅಂದಳು.

“ಸ್ವಲ್ಪ ತಡ್ಕೊಳಮ್ಮ, ಮೊದ್ಲು ಎಲ್ರಿಗೂ ಹಾಗೇ.”

ವಾರದೊಳಗೆ ರೆಪ್ಪೆ ಊದಿ, ಕೀವು ತುಂಬಿ ಆ ಕಣ್ಣು ಹೋಯಿತೆಂದು ಅವಳ ತಾಯಿ ಬಂದು ಹೇಳಿದರು. ಅಂಟಿನ ಸೀಸೆಯನ್ನು ಅಂದೇ ಎಸೆದೆ. ಈಗ ಬರೀ ಕೂದಲು ಕತ್ತರಿಸುತ್ತೇನೆ.

ಆದರೂ ರೆಪ್ಪೆ ಅಂಟಿಸಲು ಅವಳನ್ನು ಮಲಗಿಸಿದ್ದ, ಈಗ ಯಾರೂ ಮಲಗದ ಆ ಮಂಚದ ದಿಂಬು ಮಧ್ಯಾಹ್ನವಾದರೆ ಬೆಚ್ಚಗಿರುತ್ತದೆ, ಎಡಬದಿ ಮಾತ್ರ ಒದ್ದೆ. ಕವರು ಬದಲಿಸಿ ಬದಲಿಸಿ ಸಾಕಾಗಿದೆ.

ಇವತ್ತು ಅದರ ಮೇಲೆ ಒಂದೇ ಕಣ್ಣಿಗಾಗುವಷ್ಟು ರೆಪ್ಪೆಗೂದಲು ಸಾಲಾಗಿ ಬಿದ್ದಿತ್ತು. ಮುಟ್ಟಿ ನೋಡಿದೆ. ಅಂಟು ಇನ್ನೂ ಆರಿರಲಿಲ್ಲ.