ಕಾದ ಹಾಲು

ಬೇಕರಿಯ ಒಲೆ ಕೆಟ್ಟು ಅಂದು ಸೊಸೆ ಮಧ್ಯಾಹ್ನವೇ ಮನೆಗೆ ಬಂದಳು. ಅಡುಗೆಮನೆಯ ಬಾಗಿಲಲ್ಲಿ ಅವಳ ಕಾಲು ನಿಂತುಬಿಟ್ಟಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಎದೆಯಿಂದ ಹಿಂಡಿ, ಮುಚ್ಚಿ, ತಣ್ಣಗಿಟ್ಟು ಹೋಗಿದ್ದ ಹಾಲನ್ನು ಅತ್ತೆ ಪಾತ್ರೆ ತೊಳೆಯುವ ತೊಟ್ಟಿಗೆ ಸುರಿಯುತ್ತಿದ್ದಳು.

"ಅತ್ತೆ... ಅದು ಮಗೂದು."

"ಗೊತ್ತು. ಅದಕ್ಕೇ ದಿನಾ ಚೆಲ್ತೀನಿ." ಅತ್ತೆ ಬೆಚ್ಚಲೂ ಇಲ್ಲ. "ಹಗಲೆಲ್ಲ ಬೆಂಕಿ ಮುಂದೆ ನಿಲ್ಲೋಳ ಹಾಲು ಕಾದ ಹಾಲು. ನೀನು ಬ್ರೆಡ್ ಸುಡೋದು ಸಾಲ್ದಾ? ನನ್ನ ಮೊಮ್ಮಗಳ ಹೊಟ್ಟೇನೂ ಸುಡಬೇಕಾ?"

"ಹಾಗಾದ್ರೆ ಇಷ್ಟು ದಿನ ಅವಳಿಗೆ ಏನು ಕೊಡ್ತಿದ್ರಿ?"

"ಸಕ್ಕರೆ ನೀರು. ಶೀಶೆ ಕಂಡ್ರೆ ಸಾಕು, ಕೈಕಾಲು ಬಡೀತಾಳೆ ಬಂಗಾರ. ನಿನ್ನ ಎದೆ ಹತ್ರ ಬಂದ್ರೆ ಮಾತ್ರ ಅಳ್ತಾಳೆ. ಮಗೂಗೇ ಗೊತ್ತು, ನಿಂಗೆ ಗೊತ್ತಿಲ್ಲ."

ಸೊಸೆ ಬರಿದಾದ ಪಾತ್ರೆಯನ್ನು ಅತ್ತೆಯ ಕೈಯಿಂದ ಕಸಿದಳು. ಮಗು ಸಂಜೆ ಎದೆಯಿಂದ ಮುಖ ತಿರುಗಿಸುತ್ತಿದ್ದುದು, ಅದರ ತೊಡೆಗಳು ತುಂಬದೆ ಹೋದದ್ದು, ಎಲ್ಲಕ್ಕೂ ತನ್ನ ಮೈಯನ್ನೇ ದೂರುತ್ತ ದೇವರ ಮುಂದೆ ಅತ್ತಿದ್ದಳಲ್ಲ... ಕೊಟ್ಟವನು ಕಡಿಮೆ ಕೊಟ್ಟಿರಲಿಲ್ಲ. ಕೊಟ್ಟದ್ದೆಲ್ಲ ಬಚ್ಚಲ ಪಾಲಾಗಿತ್ತು.

ಬಸ್ಸು ಓಡಿಸುವ ಗಂಡ ಸಂಜೆ ಎಲ್ಲವನ್ನೂ ಕೇಳಿ, ಅಂಗಿಯ ಗುಂಡಿ ಬಿಚ್ಚುತ್ತ, "ಅಮ್ಮ ಬೇಕಂತ ಮಾಡಿದ್ರಾ? ಒಳ್ಳೇದಕ್ಕೇ ಮಾಡಿದ್ದು," ಎಂದ. ಗೋಡೆಗೆ ಹೇಳಿದ್ದರೆ ಅದಾದರೂ ಸುಮ್ಮನಿರುತ್ತಿತ್ತು.

"ಇನ್ನು ನಿಮ್ಮಮ್ಮ ನನ್ನ ಮಗೂನ ಮುಟ್ಟಕೂಡದು," ಎಂದಳು ಅವಳು. ಕೆಲಸ ಬಿಟ್ಟಳು. ಹಗಲೆಲ್ಲ ಮಗುವನ್ನು ಮಡಿಲಲ್ಲಿಟ್ಟುಕೊಂಡು ಎದೆ ನೀಡಿದಳು. ಸಿಹಿಗೆ ಪಳಗಿದ ನಾಲಿಗೆ ಒಪ್ಪಲಿಲ್ಲ. ಒತ್ತಾಯಿಸಿದಷ್ಟೂ ಮಗು ಬಿಲ್ಲಿನಂತೆ ಸೆಟೆದು ಚೀರಿತು. ನಿದ್ದೆಗಣ್ಣಲ್ಲಿ ಕುಡಿದ ನಾಲ್ಕು ಗುಟುಕಷ್ಟೇ ಅದರ ಹೊಟ್ಟೆಗೆ. ಕುಡಿಯುವವರಿಲ್ಲದ ಹಾಲು ಕಟ್ಟಿ, ನೋವು ಕೊಟ್ಟು, ಮೆಲ್ಲಗೆ ಇಂಗಿಹೋಯಿತು.

ಆಸ್ಪತ್ರೆಗೆ ಒಯ್ದಾಗ ಡಾಕ್ಟರಮ್ಮ ತಕ್ಕಡಿಯ ಮುಳ್ಳು ನೋಡಿ ಮುಖ ಸಣ್ಣದು ಮಾಡಿದರು. "ಡಬ್ಬಿ ಹಾಲು ಬರೆದುಕೊಡ್ತೀನಿ. ಆರು ತಿಂಗಳು ತುಂಬಿದೆ, ಮೆತ್ತನೆ ಗಂಜೀನೂ ಶುರು ಮಾಡಿ. ಸಕ್ಕರೆ ನೀರು ಹೊಟ್ಟೆ ತುಂಬಿಸುತ್ತೆ, ಮೈ ತುಂಬಿಸಲ್ಲ." ಮೂಲೆಯಲ್ಲಿ ನಿಂತಿದ್ದ ಅತ್ತೆ, "ಒಲೆ ಮುಂದೆ ನಿಂತವಳ ಹಾಲು..." ಎಂದು ಬಾಯಿ ತೆರೆದಳು. "ಹಾಲು ಕಾಯಲ್ಲಮ್ಮ. ಯಾವ ಒಲೆ ಮುಂದೆ ನಿಂತ್ರೂ ತಾಯಿ ಹಾಲು ತಾಯಿ ಹಾಲೇ," ಎಂದರು ಡಾಕ್ಟರಮ್ಮ. ಮರಳುವ ದಾರಿಯಲ್ಲಿ ಅತ್ತೆ ಸೊಸೆಯಿಂದ ಹತ್ತು ಹೆಜ್ಜೆ ಹಿಂದೆಯೇ ನಡೆದಳು.

ಸೊಸೆ ಅಕ್ಕಿಯನ್ನು ನುಣ್ಣಗೆ ಬೇಯಿಸಿ, ಮಸೆದು, ಆರಿಸಿ ಚಮಚದ ತುದಿಯಲ್ಲಿ ಒಯ್ದಳು. ಮಗು ಅವಳನ್ನು ನೋಡಿದ್ದೇ ತಡ, ತುಟಿ ಬಿಗಿಯಿತು. ಅವಳು ಹತ್ತಿರ ಬಂದರೆ ಮತ್ತೆ ಎದೆಗೆ ಒತ್ತುತ್ತಾಳೆಂದೇ ಅದು ಕಲಿತಿತ್ತು. ಹಾಡಿದಳು, ಬೇಡಿದಳು, ಗುಬ್ಬಿ ತೋರಿಸಿದಳು. ಗಂಜಿ ಗಲ್ಲದ ಮೇಲೆ, ಕುತ್ತಿಗೆಯ ಮೇಲೆ ಇಳಿಯಿತು. ನಾಲಿಗೆಯ ಮೇಲೆ ಒಂದು ಅಗುಳೂ ನಿಲ್ಲಲಿಲ್ಲ. ಡಬ್ಬಿ ಹಾಲಿನ ಶೀಶೆಯನ್ನೂ ಅವಳ ಕೈಯಲ್ಲಿ ಕಂಡರೆ ಮಗು ಮುಖ ತಿರುಗಿಸಿತು. ಮರುದಿನವೂ ಅಷ್ಟೇ. ಅಳುವ ಶಕ್ತಿಯೂ ಉಡುಗಿ ಮಗು ಈಗ ಬರೀ ಮುಲುಗುತ್ತಿತ್ತು.

ಅತ್ತೆ ಕೋಣೆಯ ಹೊಸಿಲಾಚೆ ಬೆನ್ನು ಮಾಡಿ ಕೂತಿದ್ದಳು. ಮುಟ್ಟಬಾರದೆಂದ ಮೇಲೆ ಒಳಗೆ ಕಾಲಿಟ್ಟಿರಲಿಲ್ಲ. ಸೊಸೆ ಆ ಬೆನ್ನನ್ನು ಬಹಳ ಹೊತ್ತು ನೋಡಿದಳು. ತನ್ನ ಹಾಲು ಚೆಲ್ಲಿದ ಕೈಗಳು ಅವು... ಮಡಿಲಲ್ಲಿ ಮಗುವಿನ ತಲೆ ವಾಲಿತು. ಎದ್ದು ಹೋಗಿ, ಮಗುವನ್ನು ಅತ್ತೆಯ ತೊಡೆಯ ಮೇಲೆ ಮಲಗಿಸಿ, ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ನೀವೇ ತಿನ್ನಿಸಿ."

"ನಾನಾ? ನನ್ನ ಕೈಯಿಂದಾನಾ?"

"ನಿಮ್ಮ ಕೈಗೆ ಮಾತ್ರ ಬಾಯಿ ಬಿಡ್ತಾಳೆ. ಹಾಗೆ ಕಲಿಸಿದ್ದೀರಲ್ಲ."

ಅಜ್ಜಿಯ ಮುಖ ಕಂಡ ಮಗು ಕೈಯಾಡಿಸಿತು. ಮೊದಲ ಚಮಚಕ್ಕೆ ಸಿಹಿಯಿಲ್ಲದೆ ಹುಬ್ಬು ಗಂಟಿಕ್ಕಿತು. ಉಗುಳಲಿಲ್ಲ. ನುಂಗಿತು. ಮತ್ತೆ ಬಾಯಿ ತೆರೆಯಿತು. ಹೆತ್ತವಳು ತನ್ನನ್ನು ಕಂಡು ಮಗು ಎಲ್ಲಿ ಬಾಯಿ ಮುಚ್ಚೀತೋ ಎಂದು ಬಾಗಿಲ ಮರೆಗೆ ಸರಿದು ನಿಂತಳು.

ಅತ್ತೆ ಮತ್ತೊಂದು ಚಮಚ ತುಂಬಿದಳು. ಹಿಂದಿರುಗಿ ನೋಡದೆ ಕೇಳಿದಳು, "ನನ್ನ ಮೇಲಿನ ಸಿಟ್ಟು ಎಂದಾದ್ರೂ ಹೋಗುತ್ತೇನೇ, ತಾಯಿ?"

ಬಾಗಿಲ ಮರೆಯಿಂದ ಸಣ್ಣ ದನಿ ಬಂತು.

"ತಳದಲ್ಲಿ ಗಟ್ಟಿ ಇದೆ ಅತ್ತೆ... ಕಲಸಿ ಕೊಡಿ."