ನೀಲಕಂಠನ ಭಂಗಿ ಲೇಹ್ಯ

“ಇದು ನನ್ನ ಔಷಧ ಅಲ್ಲ.”

ಜಮಖಂಡಿಯ ವೈದ್ಯ ಶಿವಯೋಗೆಪ್ಪ ಭರಣಿಯ ಬಾಯಿಗೆ ಮೂಗು ಹಿಡಿದು ಇಷ್ಟೇ ಅಂದರು. ಬನಹಟ್ಟಿಯ ನೇಕಾರ ನೀಲಕಂಠನ ಮನೆಗೆ ಅವರು ಬಂದದ್ದು ಆ ಭರಣಿ ನೋಡಲೆಂದೇ.

ಆರು ವರ್ಷದಿಂದ ನೀಲಕಂಠನಿಗೆ ನರ ಸೆಳೆಯುವ ಬೇನೆ. ಸೆಳೆತ ಬಂದರೆ ಕಾಲು ಮರದ ತುಂಡಿನಂತೆ ಸೆಟೆಯುತ್ತಿತ್ತು. ಮಗ್ಗದ ಕುಣಿಯಿಂದ ಅವನನ್ನು ಮಂದಿ ಎತ್ತಿ ತೆಗೆಯಬೇಕಾಗುತ್ತಿತ್ತು. ಭಂಗಿ ಸೊಪ್ಪನ್ನು ತುಪ್ಪದಲ್ಲಿ ಹುರಿದು ವೈದ್ಯರು ಮಾಡಿಕೊಡುತ್ತಿದ್ದ ಲೇಹ್ಯ ಬೇನೆಯನ್ನು ವಾಸಿ ಮಾಡಿರಲಿಲ್ಲ. ಸೆಳೆತ ಸಡಿಲಿಸಿ, ನಿದ್ದೆ ಕೊಟ್ಟು, ದಿನಕ್ಕೆ ನಾಲ್ಕು ಮೊಳ ನೇಯುವಷ್ಟು ಮಾಡಿತ್ತು. ಹೊಸ ಭರಣಿ ಬಂದು ಇಪ್ಪತ್ತೊಂದು ದಿನ. ಅದೇ ಅಳತೆ, ಅದೇ ಹೊತ್ತು — ಗುಣ ಮಾತ್ರ ಇಲ್ಲ. ಓಣಿಯ ತುಂಬ ಅವನ ಚೀರಾಟ.

ಔಷಧ ಬದಲಿಸಿದವಳು ಹೆಂಡತಿ ಸಾವಕ್ಕನೇ ಎಂದು ನೀಲಕಂಠನ ಗುಮಾನಿ. ಅವಳ ಕೈಯ ನೀರನ್ನೂ ಮುಟ್ಟದೆ, ಕೊನೆಗೆ ಅವಳ ತವರಿಗೆ ಹೇಳಿ ಕಳಿಸಿದ್ದ. ಅವಳ ಅಣ್ಣನ ಗಾಡಿ ಬಾಗಿಲಲ್ಲಿ ನಿಂತಿತ್ತು.

ಮೋಸದ ಸುದ್ದಿ ಕೇಳಿ ವೈದ್ಯರು ತಮ್ಮ ಜೊತೆ ಆದಿನಾಥ ಜಮಾದಾರರನ್ನೂ ಕರೆತಂದಿದ್ದರು. ಸಂಸ್ಥಾನದ ಪೊಲೀಸು ಚಾಕರಿ ಮುಗಿಸಿದ ಮುದುಕರು. ಗಾಡಿ ಕಂಡೊಡನೆ ಅವರಿಗೆ ತಿಳಿಯಿತು — ಇಂದೇ ತಪ್ಪು ಯಾರದೆಂದು ಹೇಳದಿದ್ದರೆ, ಈ ಹೆಣ್ಣುಮಗಳು ಕೆಟ್ಟ ಹೆಸರು ಹೊತ್ತು ಗಾಡಿ ಹತ್ತುತ್ತಾಳೆ.

“ಭರಣಿ ಯಾರ್ಯಾರ ಕೈ ದಾಟತೈತ್ರಿ?”

“ಕುಟ್ಟಾಂವ ನನ್ನ ಆಳು ಬಸಗೊಂಡಪ್ಪ. ತರಾಂವ ಧನಪಾಲ. ಕೊಡಾಕಿ ಈಕಿ,” ಎಂದರು ವೈದ್ಯರು.

ವೈದ್ಯರ ಜೊತೆ ಬಂದಿದ್ದ ಬಸಗೊಂಡಪ್ಪ ಕಟ್ಟೆಯ ಮೇಲೆ ಕುಂತಿದ್ದ. ಕಣ್ಣು ಕೆಂಪಗಿದ್ದವು.

“ನೀ ಭಂಗಿ ತಗೋತಿ?” ಕೇಳಿದರು ಆದಿನಾಥರು.

“ಸುಳ್ಳ ಯಾಕ ಹೇಳಲಿ, ತಗೋತೇನ್ರಿ. ಕುಟ್ಟೂ ಒರಳ ನನ್ನ ಮುಂದ ಇರತೈತಿ. ಬೇಕಾದ್ರ ಅಲ್ಲೇ ನಾಲಿಗಿ ಹಚ್ಚತೇನಿ. ಅದಕ್ಕ ಇವರ ಭರಣಿಗಿ ಯಾಕ ಕೈ ಹಾಕಲಿ?”

ಧನಪಾಲ ನೂಲಿನ ವ್ಯಾಪಾರಿ. ನೀಲಕಂಠನ ಶಾಲೆಯ ದಿನಗಳ ಗೆಳೆಯ. ತಿಂಗಳಿಗೊಮ್ಮೆ ಜಮಖಂಡಿಯಿಂದ ಭರಣಿ ತರುವವನು ಅವನೇ; ದಿನಾ ಸಂಜೆ ಬಂದು ಹಾಸಿಗೆಯ ಪಕ್ಕ ಕೂರುವವನೂ ಅವನೇ. ಈಗಲೂ ಅಲ್ಲೇ ಕುಂತಿದ್ದ.

“ಅವನ್ನ ಏನ ಕೇಳತೀರಿ?” ನೀಲಕಂಠ ಗದರಿದ. “ಅಂವ ನನ್ನ ಜೀವದ ಗೆಳೆಯ.”

“ಬಾಯಿ ಕಟ್ಟಿದ್ದು ಕಟ್ಟಿದಂಗ ತಂದು ಕೊಟ್ಟೇನ್ರಿ,” ಅಂದ ಧನಪಾಲ.

ಆದಿನಾಥರು ಸಾವಕ್ಕನ ಕಡೆ ತಿರುಗಿದರು. “ತಂಗೆವ್ವ, ನೀ ಏನರ ಫರಕ ಕಂಡಿ?”

“ಗಟ್ಟಿ ಆಗಿತ್ತರಿ ಅಜ್ಜಾ. ತಂದ ದಿನಾನ. ಚಮಚದ ಹಿಡಿಕಿಲೆ ಕೆತ್ತಿ ತಗೀಬೇಕಾತು. ಥಂಡಿಗಿ ಹಂಗ ಆಗೈತಿ ಅಂದ್ರು ಧನಪಾಲಣ್ಣಾರು.”

“ಕಥಿ ಕಟ್ಟತಾಳ,” ಅಂದ ಗಂಡ.

ಆದಿನಾಥರು ಭರಣಿಯನ್ನು ಅಲುಗಿಸಿ ನೋಡಿದರು. ಬೆರಳು ಹಾಕಲಿಲ್ಲ.

“ವೈದ್ಯರ, ನೀವು ಯಾವದರಾಗ ಕಲಿಸತೀರಿ?”

“ಜೇನಿನ್ಯಾಗ.”

“ಜೇನಿನ ಲೇಹ್ಯ ಹೀಂಗ ಕಲ್ಲಾಗತೈತೇನು?”

“ಯಾ ಥಂಡಿಗೂ ಇಷ್ಟು ಆಗಂಗಿಲ್ಲ.” ವೈದ್ಯರು ಒಂದು ಚೂರು ಕಚ್ಚಿ ಉಗುಳಿದರು. “ಬೆಲ್ಲದ ಪಾಕ. ಬಣ್ಣಕ್ಕ, ಕಹಿಗಿ ಒಣ ಮೆಂತೆ ಸೊಪ್ಪು.”

“ಜೇನಿರತೈತಿ ಅಂತ ಧನಪಾಲಗ ಗೊತ್ತೈತೇನು?”

“ಗೊತ್ತೈತಿ. ಇದರಾಗ ಜೇನೈತಿ, ನೀ ನೆಕ್ಕೀಯಪಾ ಅಂತ ನಾನ ಚೇಷ್ಟಿ ಮಾಡೀನಿ.”

ಆದಿನಾಥರು ಭರಣಿಯನ್ನು ನೆಲಕ್ಕಿಟ್ಟರು.

“ಬದಲಿ ಮಾಡಿದಾಂವ ಬಣ್ಣ ಹೊಂದಿಸ್ಯಾನ, ಕಹಿ ಹೊಂದಿಸ್ಯಾನ. ಜೇನು ಮಾತ್ರ ಬಿಟ್ಟಾನ — ಯಾಕ? ಬಸಗೊಂಡಪ್ಪನ ಒರಳಿನ ಬಾಜೂಕ ಜೇನಿನ ಕೊಡಾ ಇರತೈತಿ. ತಂಗೆವ್ವನ ಗೂಡಿನ್ಯಾಗ ಜೇನಿನ ಬಾಟ್ಲಿ ಐತಿ, ಅಗೋ. ಇವರಿಬ್ಬರೂ ಬೆಲ್ಲಾ ಕಾಸೂ ಉಸಾಬರಿಗೆ ಹೋಗತಿದ್ದಿಲ್ಲ. ಜೇನು ಬೇಕಂತ ಗೊತ್ತಿದ್ದೂ ಮುಟ್ಟಲಾರದಾಂವ ಒಬ್ಬನ. ನಾನೂ ನಿನ್ನಂಗ ಜೈನ, ಬಸದಿಗೆ ಹೋಗಾಂವ, ಧನಪಾಲ. ನಮ್ಮ ಮನ್ಯಾಗ ಜೇನು ಹೊಸ್ತಿಲಾ ದಾಟಂಗಿಲ್ಲ. ಭರಣ್ಯಾಗ ನಾನೂ ಬೆರಳು ಹಾಕಲಿಲ್ಲ, ನೋಡಿದ್ಯಲ್ಲ?”

ಧನಪಾಲನ ಮುಖದಲ್ಲಿ ಅಂಜಿಕೆ ಇರಲಿಲ್ಲ.

“ಕದ್ದಿಲ್ಲರಿ ನಾ. ಕಳ್ಳಿ ಬೇಲ್ಯಾಗ ಒಗದೆ. ನನ್ನ ಗೆಳ್ಯಾ ಭಂಗಿ ತಿನ್ನಾಂವ ಅಂತ ಮಂದಿ ಅಂತಿದ್ರು. ನಶೆ ಬಿಡಸಬೇಕಂತ ಮಾಡಿದೆ.”

“ದಿನಾ ಸಂಜೀಕ ಇಲ್ಲೇ ಕುಂತಿರತಿದ್ದಿ,” ನೀಲಕಂಠನ ದನಿ ಸಣ್ಣದಾಯಿತು. “ನಾ ಚೀರೂದು ಕೇಳಿಸಲಿಲ್ಲೇನು?”

“ಕೇಳಿಸ್ತು. ಬಿಡೂ ಮುಂದ ಎಲ್ಲಾರಿಗೂ ಹಂಗ ಆಕ್ಕೈತಿ ಅಂದ್ಕೊಂಡೆ.”

ನೊಣವನ್ನೂ ನೋಯಿಸದ ಕೈ ಇದು ಎಂದು ಆದಿನಾಥರು ಅವನ ಕೈಯನ್ನೇ ನೋಡಿದರು. ಜೇನುಹುಳಕ್ಕೆ ನೋವಾದೀತೆಂದು ಹೆದರುವ ಧರ್ಮ ತಮ್ಮದೂ ಹೌದು. ಅವರಿಗೆ ನಾಚಿಕೆಯಾಯಿತು.

“ಇಂವಗ ಏನ ಶಿಕ್ಷಾರಿ?” ಕೇಳಿದ ಬಸಗೊಂಡಪ್ಪ.

“ಒಂದು ಭರಣಿ ಹಾಳ ಮಾಡಿದ್ದಕ್ಕ ದಂಡ ಹಾಕ್ಯಾರು. ಚೀರಿಸಿದ್ದಕ್ಕ ಕಾಯ್ದೆದಾಗ ಏನೂ ಇಲ್ಲ,” ಅಂದರು ಆದಿನಾಥರು.

ಹೊಸ ಲೇಹ್ಯಕ್ಕೆ ಎರಡು ದಿನ ಬೇಕೆಂದು ವೈದ್ಯರು ಆಳನ್ನು ಕರೆದುಕೊಂಡು ಹೊರಟರು. ಸಾವಕ್ಕ ಗಂಟು ಎತ್ತಿಕೊಂಡಳು.

“ಈಗರ ಗೊತ್ತಾತಲ್ಲ. ಒಳಗ ನಡಿ,” ಅಂದ ನೀಲಕಂಠ.

“ಗೊತ್ತಾಗಿದ್ದು ಜಮಾದಾರ ಅಜ್ಜಾರಿಗೆ. ಇಪ್ಪತ್ತೊಂದು ದಿನ ನಾ ಕೊಟ್ಟ ನೀರು ಚೆಲ್ಲಿದ್ರಿ. ಧನಪಾಲಣ್ಣಾರನ್ನ ಒಂದ ಮಾತು ಕೇಳಲಿಲ್ಲ ನೀವು.”

ಅವಳು ಗಾಡಿ ಹತ್ತಿದಳು. ಆದಿನಾಥರು ತಡೆಯಲಿಲ್ಲ; ವೈದ್ಯರು ಹೋದ ದಾರಿ ಹಿಡಿದರು.

ಗಾಡಿ ಓಣಿ ದಾಟುವ ಮೊದಲೇ ಒಳಗೆ ಸೆಳೆತ ಶುರುವಾಯಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಧನಪಾಲ ಬಗ್ಗಿ ಗೆಳೆಯನ ಕಾಲು ಹಿಡಿದು ತಿಕ್ಕತೊಡಗಿದ. ಕಾಲು ಎಳೆದುಕೊಳ್ಳಲು ನೀಲಕಂಠನಿಗೆ ಆಗಲಿಲ್ಲ.